ಮೈಸೂರಿನಲ್ಲಿ ಒಂದು ಮನೆ ನೋಡಿದುದು

ಮೈಸೂರನ್ನು ನೋಡಬಂದ ಪ್ರವಾಸಿಗಳು ಅರಮನೆಯನ್ನು ನೋಡಿ, ಬೆಟ್ಟವನ್ನು ಹತ್ತಿ, ಮೃಗಾಲಯವನ್ನು ಸುತ್ತಿ, ಸಂಜೆಯ ರೈಲಿಗೆ ಹಿಂದಿರುಗುವುದು ವಾಡಿಕೆ. ಅವರು ನೋಡದೆ ಬಿಟ್ಟುಹೋಗುವ ಮೈಸೂರು ಒಂದುಂಟು. ಬೆಳಗಿನ ಏಳು ಗಂಟೆಯ ವೇಳೆಗೆ ಚಾಮರಾಜಪುರದಲ್ಲಾಗಲಿ, ಕೃಷ್ಣಮೂರ್ತಿಪುರದಲ್ಲಾಗಲಿ, ಲಕ್ಷ್ಮೀಪುರದಲ್ಲಾಗಲಿ ನಿಧಾನವಾಗಿ ಒಂದು ಸುತ್ತು ನಡೆದು ಬಂದರೆ ಅದು ಕಣ್ಣಿಗೆ ಬೀಳುವುದು. ಬೀದಿಯ ಅಂಚಿಗೆ ಜಗಲಿ, ಜಗಲಿಯ ಮೇಲೆ ಮರದ ಕಂಬ, ಕಂಬದ ತಲೆಯಲ್ಲಿ ಕೆತ್ತನೆಯ ಬೋದಿಗೆ. ಮುಂದೆ ಪಾರಿಜಾತದ ಗಿಡ, ಹಿಂದೆ ತೆಂಗು, ಹಲಸು, ಒಂದು ಬಾವಿ. ಬಾಗಿಲಲ್ಲಿ ಈಗತಾನೆ ಹಾಕಿದ ರಂಗವಲ್ಲಿ. ಇಂತಹ ಮನೆಗಳು ವರ್ಷ ವರ್ಷಕ್ಕೂ ಕಡಮೆಯಾಗುತ್ತಿವೆ. ಉಳಿದವುಗಳಲ್ಲಿ ಕೆಲವಕ್ಕೆ ‘ಮಾರಾಟಕ್ಕಿದೆ’ ಎಂಬ ಹಲಗೆ ತೂಗುಹಾಕಿದೆ. ಮಕ್ಕಳು ಬೆಂಗಳೂರಿನಲ್ಲಿಯೋ ಸಮುದ್ರದಾಚೆಯೋ ನೆಲೆಸಿರುವರು. ಮನೆಯಲ್ಲಿ ದೀಪ ಹಚ್ಚುವವರಿಲ್ಲ. ಅತ್ತ, ನೌಕರಿಯಿಂದ ನಿವೃತ್ತರಾದ ಗೃಹಸ್ಥರು ನಾಲ್ಕು ದಿಕ್ಕುಗಳಿಂದಲೂ ಇಂತಹುದೊಂದು ಮನೆಯನ್ನರಸಿ ಈ ಊರಿಗೆ ಬರುತ್ತಿರುವರು.

ಈ ಬಡಾವಣೆಗಳು ಹುಟ್ಟಿದ ಕಥೆಯೂ ತಿಳಿದಿರತಕ್ಕದ್ದೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಮಾರಿಯು ಊರನ್ನು ಹೊಕ್ಕಾಗ, ಕೋಟೆಯ ಸುತ್ತಣ ಇಕ್ಕಟ್ಟು ಕೇರಿಗಳಲ್ಲಿ ಗಾಳಿಬೆಳಕಿಲ್ಲದೆ ಜನರು ಪಟ್ಟ ಪಾಡನ್ನು ಕಂಡು, ಊರನ್ನು ಹರವಾಗಿ ಬೆಳೆಸಬೇಕೆಂಬ ಆಲೋಚನೆ ಬಲವಾಯಿತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಯು ಸ್ಥಾಪಿತವಾಯಿತು. ಅಗಲವಾದ ಬೀದಿ, ಮನೆಯ ಸುತ್ತ ತೆರವು, ನೀರು ಹರಿದುಹೋಗಲು ಚರಂಡಿ, ಇವೆಲ್ಲವೂ ಆ ಕಾಲದ ಹೊಸ ಮಾತುಗಳು. ಅದಕ್ಕೆ ತುಸು ಮುಂಚೆ, 1897ರಲ್ಲಿ, ರಾಜಕುಮಾರಿಯ ವಿವಾಹ ಸಮಯದಲ್ಲಿ ಮರದ ಹಳೆಯ ಅರಮನೆಯು ಬೆಂಕಿಗೆ ತುತ್ತಾಗಿತ್ತು. ಕಲ್ಲು, ಇಟ್ಟಿಗೆ, ಕಬ್ಬಿಣಗಳ ಹೊಸ ಅರಮನೆಯು 1912ರಲ್ಲಿ ಮುಗಿಯಿತು. ಅರಸರಾದರೋ ಮರವನ್ನು ಬಿಟ್ಟು ಕಬ್ಬಿಣಕ್ಕೆ ಹೋದರು; ಪ್ರಜೆಗಳು ಇನ್ನೂ ಬಹುಕಾಲ ಇಟ್ಟಿಗೆ, ಸುಣ್ಣದ ಗಾರೆ, ತೇಗದ ಜಂತೆಗಳಲ್ಲಿಯೇ ಮನೆಗಳನ್ನು ಕಟ್ಟುತ್ತಿದ್ದರು. ಇಂದು ಮಾರಾಟಕ್ಕೆ ಬರುತ್ತಿರುವ ಹಳೆಯ ಮನೆಗಳು ಬಹುಮಟ್ಟಿಗೆ ಅವೇ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿರುವರಷ್ಟೆ. ಕಟ್ಟಿದ ಮನೆಯನ್ನು ಕೊಂಡು ನೋಡು ಎಂದು ಅವರು ಹೇಳಲಿಲ್ಲ. ಆಗ ಮನೆಗಳು ತಂದೆಯಿಂದ ಮಗನಿಗೆ ಬರುತ್ತಿದ್ದವು. ಎಲ್ಲಿ ಸೋರುವುದು, ಯಾವ ತೊಲೆ ಸವೆದಿದೆ ಎಂಬುದು ಮನೆಯವರಿಗೆಲ್ಲ ತಿಳಿದಿರುತ್ತಿದ್ದಿತು. ಅಪರಿಚಿತರ ಮನೆಯನ್ನು ಕೊಳ್ಳುವವನಿಗೆ ಆ ತಿಳಿವಳಿಕೆಯನ್ನು ಕೊಡುವವರಾರು? ಹಾಸನದ ಕಡೆಯ ಮಿತ್ರರೊಬ್ಬರು ಕಳೆದ ವರ್ಷ ಮೈಸೂರಿನಲ್ಲಿ ಮನೆ ಕೊಳ್ಳಲು ನಿಶ್ಚಯಿಸಿದಾಗ ಈ ಪ್ರಶ್ನೆಯು ನಮ್ಮ ಮುಂದೆಯೂ ನಿಂತಿತು. ಅವರು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿಯ ಹಣ, ಭವಿಷ್ಯನಿಧಿ, ಹೆಂಡತಿಯ ಕೈಬಳೆ, ಎಲ್ಲವನ್ನೂ ಕೂಡಿಸಿ ಒಂದೇ ಮನೆಯ ಮೇಲೆ ಇಡತಕ್ಕದ್ದಾಗಿದ್ದಿತು. ಇನ್ನೊಂದು ಬಾರಿ ಕೂಡಿಡಲು ಅವರಿಗೆ ವಯಸ್ಸೂ ಇಲ್ಲ, ಸಂಬಳವೂ ಇಲ್ಲ. ಎಂಬತ್ತೈದು ವರ್ಷದ ತಾಯಿಯವರು ಜೊತೆಯಲ್ಲಿರುವರು. ಚಾಮರಾಜಪುರದ ರೈಲ್ವೆ ನಿಲ್ದಾಣಕ್ಕೆ ಅನತಿದೂರದಲ್ಲಿ ಒಂದು ತೊಟ್ಟಿಯ ಮನೆಯನ್ನು ದಳ್ಳಾಳಿಯು ತೋರಿಸಿದ್ದನು. ನೋಡಿದೊಡನೆಯೇ ಮೇಷ್ಟರ ಮನಸ್ಸು ಅದಕ್ಕೆ ಅಂಟಿಹೋಯಿತು.

ಅವರು ಎಚ್ಚರವಿಲ್ಲದವರೆಂದು ವಾಚಕರು ತಿಳಿಯಬಾರದು. ವಕೀಲರಿಂದ ಕ್ರಯಪತ್ರಗಳನ್ನು ಓದಿಸಿದ್ದರು. ಋಣಭಾರ ಪತ್ರವನ್ನು ತೆಗೆಸಿದ್ದರು. ಖಾತೆ, ಕಂದಾಯದ ರಸೀತಿಗಳನ್ನು ಪರಿಶೀಲಿಸಿದ್ದರು. ವಾಸ್ತು ಬಲ್ಲವರು ಬಂದು ಆಯವನ್ನು ಅಳೆದು, ಬಾಗಿಲು ಪೂರ್ವಕ್ಕಿದೆಯೆಂದು ಸಂತೋಷಪಟ್ಟಿದ್ದರು. ಇಷ್ಟಾದರೂ ಆ ಬಾಗಿಲ ಮೇಲಿನ ತೊಲೆಯು ಒಳಗೆ ಹೇಗಿದೆಯೆಂದು ಒಬ್ಬರೂ ನೋಡಿರಲಿಲ್ಲ. ಕಾಗದಗಳು ಮನೆ ಯಾರದೆಂದು ಹೇಳುತ್ತವೆ. ಮನೆ ಹೇಗಿದೆಯೆಂದು ಹೇಳುವುದಿಲ್ಲ. ಆದುದರಿಂದ ಮುಂಗಡ ಕೊಡುವ ಮುನ್ನ ಒಮ್ಮೆ ಬಲ್ಲವರಿಂದ ಮನೆಯನ್ನು ಪರೀಕ್ಷೆ ಮಾಡಿಸಿರೆಂದು ನಾವು ಒತ್ತಾಯಪಡಿಸಿದೆವು. ಆಗ ಆಷಾಢ ಮಾಸ. “ಆಷಾಢದಲ್ಲಿ ಮನೆಯ ವಿಷಯ ಎತ್ತುವುದೆ?” ಎಂದು ಮೇಷ್ಟರ ತಾಯಿಯವರು ಆಕ್ಷೇಪಿಸಿದರು. ಆಷಾಢದಲ್ಲಿ ಕೊಳ್ಳಬಾರದು, ನಿಜ, ನೋಡಬಾರದೆಂದಿಲ್ಲ. ಜಡಿಮಳೆ ಹಿಡಿದ ಕಾಲಕ್ಕಿಂತ ಮನೆಯನ್ನು ನೋಡಲು ಒಳ್ಳೆಯ ಮುಹೂರ್ತ ಬೇರೆ ಯಾವುದು? ಚೈತ್ರದಲ್ಲಿ ಎಲ್ಲ ಮನೆಗಳೂ ಒಣಗಿಯೇ ಇರುವುವು.

ಪರೀಕ್ಷೆಗೆ ಇಬ್ಬರನ್ನು ಗೊತ್ತುಮಾಡಿದೆವು. ಒಬ್ಬಳು ನಮ್ಮ ಸೋದರಸೊಸೆ, ಕಟ್ಟಡದ ಇಂಜಿನಿಯರು. ಇನ್ನೊಬ್ಬರು ಎಪ್ಪತ್ತು ದಾಟಿದ ಗಾರೆ ಮೇಸ್ತ್ರಿ. ಅಳಲೆಕಾಯಿ, ಬೆಲ್ಲದ ನೀರು ಕೂಡಿಸಿ ಸುಣ್ಣವನ್ನು ಹದಮಾಡುವುದನ್ನು ತಂದೆಯಿಂದ ಕಲಿತವರು. ಇಬ್ಬರಿಗೂ ಕೊಟ್ಟ ಹಣವು ಒಂದು ಸಾಧಾರಣ ರೇಷ್ಮೆ ಸೀರೆಯ ಬೆಲೆಯನ್ನು ಮೀರಲಿಲ್ಲ. ಬೆಳಗಿನ ರೈಲಿನಿಂದ ಇಳಿದ ಮೇಷ್ಟರ ಕುಟುಂಬವನ್ನು ಕರೆದುಕೊಂಡು ಹೊರಟಾಗ, ನಿಲ್ದಾಣದ ಬಳಿಯ ಮೈದಾನವನ್ನು ತೋರಿಸಿ ಮೇಸ್ತ್ರಿಗಳು, “ಇದರ ಹೆಸರೇನು ಸ್ವಾಮಿ?” ಎಂದರು. ಜೀವನರಾಯನ ಕಟ್ಟೆ! ಹೆಸರಿನಲ್ಲಿ ಕಟ್ಟೆಯಿದೆ, ನೆಲದಲ್ಲಿ ನೀರಿಲ್ಲ. ಅರಮನೆಯ ಆಚೆ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆಯ ಮೈದಾನವೂ ಹೆಸರೇ ಹೇಳುವಂತೆ ಹಿಂದೆ ಕೆರೆಯೇ. ಬೆಂಗಳೂರಿನಲ್ಲಿ ಸಂಪಂಗಿ ಕೆರೆಯು ಕ್ರೀಡಾಂಗಣವಾಯಿತು, ಧರ್ಮಾಂಬುಧಿ ಕೆರೆಯು ಬಸ್ಸು ನಿಲ್ದಾಣವಾಯಿತು. ಮೈದಾನವಾದರೆ ಚಿಂತೆಯಿಲ್ಲ. ಅಂತಹ ತಗ್ಗಿನಲ್ಲಿ ಮನೆಯಿದ್ದರೆ, ನೀರು ತನ್ನ ಹಳೆಯ ಮನೆಯನ್ನು ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬೆಲೆಬಾಳುವ ಬಡಾವಣೆಗಳಿಂದ ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಹೊರತರಬೇಕಾಯಿತು. ಬೀದಿಯ ಹಳೆಯ ಹೆಸರನ್ನೂ, ಪಕ್ಕದ ಮನೆಯ ಅಜ್ಜಿಯನ್ನೂ ವಿಚಾರಿಸದೆ ಮನೆ ಕೊಳ್ಳಬಾರದೆಂಬುದು ಮೇಸ್ತ್ರಿಗಳ ಮೊದಲ ಪಾಠ.

ನಾವು ನೋಡಹೋದ ಮನೆಯು ದಿಣ್ಣೆಯ ಮೇಲಿದ್ದಿತು, ಆ ಭಯವಿರಲಿಲ್ಲ. ದಳ್ಳಾಳಿಯು ಬಾಗಿಲು ತೆರೆಯುವಷ್ಟರಲ್ಲಿಯೇ ಇಂಜಿನಿಯರು ಬೀದಿಯ ಆಚೆ ಬದಿಗೆ ಹೋಗಿ ನಿಂತು, ಮಾಡಿನ ಗೆರೆಯು ನೇರವಾಗಿದೆಯೇ ಎಂದು ಕಣ್ಣಿಟ್ಟು ನೋಡಿದಳು. ಬಳಿಕ ಮನೆಯನ್ನು ಒಂದು ಸುತ್ತು ಬಂದು ಗೋಡೆಯ ಬಿರುಕುಗಳನ್ನೆಲ್ಲ ಗುರುತುಹಾಕಿದಳು. ಬಿರುಕು ಕಂಡೊಡನೆ ಹೆದರಬೇಕಾಗಿಲ್ಲವಂತೆ. ಕೂದಲೆಳೆಯಂತೆ ಗಾರೆಯ ಮೇಲೆ ಹರಡಿದುದು ಬಹುಮಟ್ಟಿಗೆ ಗಾರೆಯದೇ ದೋಷ. ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಾಲುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಡಿದು ಇಳಿಯುವುದಾದರೆ ಅಸ್ತಿವಾರವು ಒಂದು ಕಡೆ ಕುಸಿದಿರಬಹುದು. ಅದು ಹಳೆಯ ಬಿರುಕೋ, ಇನ್ನೂ ನಡೆಯುತ್ತಿರುವುದೋ ಎಂದು ತಿಳಿಯಲು ಅಡ್ಡಲಾಗಿ ಒಂದು ತೆಳುಗಾಜಿನ ತುಂಡನ್ನು ಅಂಟಿಸಿ ಕೆಲವು ತಿಂಗಳು ಕಾಯುವುದುಂಟು. ಗೋಡೆ ಅಲುಗಿದರೆ ಗಾಜು ಒಡೆಯುವುದು. ಇಲ್ಲಿ ಅಂತಹ ಓರೆಬಿರುಕು ಒಂದೇ ಇದ್ದಿತು. ಅದರೊಳಗೆ ಹಳೆಯ ಧೂಳು, ಜೇಡರ ಬಲೆ, ಒಂದೆರಡು ಪದರ ಸುಣ್ಣ. ಎಷ್ಟೋ ವರ್ಷಗಳ ಹಿಂದೆಯೇ ಅದು ನಿಂತುಹೋಗಿರುವುದೆಂದು ಇಬ್ಬರೂ ಒಪ್ಪಿದರು.

ಒಳಗೆ ಹೊಕ್ಕೊಡನೆ ಹೊಸ ಬಣ್ಣದ ವಾಸನೆ. ಗೋಡೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ದಳ್ಳಾಳಿಯು ಅದನ್ನೇ ದೊಡ್ಡದಾಗಿ ಹೇಳುತ್ತಿದ್ದನು. ಮೇಷ್ಟರ ಮನೆಯವರು ಒಂದು ಮಾತನ್ನೂ ಆಡದೆ ನೆಟ್ಟಗೆ ಅಡಿಗೆಮನೆಗೆ ಹೋಗಿ ಗೋಡೆಯ ಬೀರುವಿನ ಬಾಗಿಲನ್ನು ತೆರೆದು, ಮುಖವನ್ನು ಒಳಗಿಟ್ಟು ವಾಸನೆ ನೋಡಿ, “ಇಲ್ಲಿ ಬೇಳೆ ಇಟ್ಟರೆ ಎಂಟು ದಿನಕ್ಕೆ ಬೂಸಲು” ಎಂದರು. ಹೆಂಗಸರ ಮೂಗು ಎಷ್ಟೋ ಯಂತ್ರಗಳಿಗಿಂತ ಮೇಲು! ಇಂಜಿನಿಯರು ತನ್ನ ತೇವಮಾಪಕವನ್ನು ಗೋಡೆಗೆ ಒತ್ತಿ ನೋಡಿದಾಗ ಅವರ ಮಾತೇ ನಿಜವಾಯಿತು. ನೆಲದಿಂದ ಮೂರಡಿಯವರೆಗೆ ಯಾರೋ ಸಿಮೆಂಟಿನ ಗಿಲಾವು ಮಾಡಿಸಿದ್ದರು. ತೇವವು ಅದಕ್ಕೂ ಮೇಲೆ, ಎದೆಯೆತ್ತರದಲ್ಲಿ ಉಪ್ಪಿನಂತೆ ಬಿಳಿಯಾಗಿ ಹೊಸ ಬಣ್ಣವನ್ನು ಒಳಗಿನಿಂದ ಎಬ್ಬಿಸುತ್ತಿದ್ದಿತು. ಮೇಸ್ತ್ರಿಗಳು ತಲೆಯಾಡಿಸಿದರು. ಸುಣ್ಣದ ಗೋಡೆಯು ಉಸಿರಾಡುವ ಗೋಡೆ. ನೆಲದಿಂದ ಏರಿದ ತೇವವನ್ನು ಗಾಳಿಗೆ ಬಿಟ್ಟುಕೊಟ್ಟು ತಾನು ಒಣಗುವುದು. ಅದರ ಮೈಗೆ ಸಿಮೆಂಟನ್ನು ಹೊದಿಸಿದರೆ ತೇವವು ಹೊರಗೆ ಬರಲಾರದೆ ಇನ್ನೂ ಮೇಲಕ್ಕೆ ಏರುವುದು. ಸೋರುವ ಗೋಡೆಗೆ ಸಿಮೆಂಟು ಬಳಿದೆವೆಂದು ಹಿಗ್ಗುವವರು ಜ್ವರದ ಮೈಗೆ ಕಂಬಳಿ ಬಿಗಿದು ಕಟ್ಟಿದವರಂತೆ. ಇದು ಮನೆಯನ್ನು ಬೀಳಿಸತಕ್ಕ ದೋಷವಲ್ಲ. ಸಿಮೆಂಟನ್ನು ಕಿತ್ತು ಮತ್ತೆ ಸುಣ್ಣದ ಗಾರೆ ಹಾಕಿಸಿ ಒಂದು ಬೇಸಗೆ ಒಣಗಲು ಬಿಟ್ಟರೆ ಸರಿಹೋಗುವುದು. ಅದಕ್ಕೆ ತಗಲುವ ವೆಚ್ಚವನ್ನು ಕೊಳ್ಳುವ ಮೊದಲೇ ಬಲ್ಲೆವಾದರೆ ಬೆಲೆಯಲ್ಲಿ ಮಾತಾಡಬಹುದು. ಕೊಂಡ ಮೇಲೆ ಯಾರೊಡನೆ ಮಾತಾಡುವುದು?

ನಿಜವಾದ ಆತಂಕವು ಹಿಂದಣ ಕೋಣೆಯಲ್ಲಿ ಕಾದಿದ್ದಿತು. ಬಚ್ಚಲಿಗೆ ಹತ್ತಿರ, ತೊಟ್ಟಿಯ ಬೆಳಕು ಬೀಳುವ, ತಣ್ಣನೆಯ ಕೋಣೆ. ವೃದ್ಧ ತಾಯಿಯವರಿಗೆಂದು ಮೇಷ್ಟರು ಮನಸ್ಸಿನಲ್ಲಿಯೇ ಅಲ್ಲಿ ಮಂಚ ಹಾಕಿಬಿಟ್ಟಿದ್ದರು. ಅದರ ಮೇಲ್ಛಾವಣಿಯು ಮದರಾಸು ತಾರಸಿಯೆಂದು ಹೆಸರಾದ ಬಗೆಯದು. ಗೋಡೆಯಿಂದ ಗೋಡೆಗೆ ತೇಗದ ಜಂತೆಗಳನ್ನು ಹತ್ತಿರ ಹತ್ತಿರ ಜೋಡಿಸಿ, ಅವುಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸಾಲುಹಿಡಿದು ಗಾರೆಯಲ್ಲಿ ಕೂಡಿಸಿ, ಮೇಲೆ ಇಟ್ಟಿಗೆಚೂರು ಸುಣ್ಣಗಳನ್ನು ಹಾಕಿ ಬಡಿದು ಗಟ್ಟಿಮಾಡುವುದು ಇದರ ಕ್ರಮ. ನೂರು ವರ್ಷ ಬಾಳಿದ ಇಂತಹ ತಾರಸಿಗಳು ಎಷ್ಟೋ ಇವೆ. ಇದರ ಮರ್ಮಸ್ಥಾನವು ಜಂತೆಯ ತುದಿ. ನಡುಭಾಗವು ಗಾಳಿಯಲ್ಲಿದ್ದು ಒಣಗಿರುವುದು. ತುದಿಯಾದರೋ ಗೋಡೆಯ ಹೊಟ್ಟೆಯೊಳಗೆ ಹುದುಗಿ, ಗೋಡೆಯ ತೇವವನ್ನು ಹೀರಿ, ಯಾರ ಕಣ್ಣಿಗೂ ಬೀಳದಂತೆ ಕೊಳೆಯುವುದು. ಗೆದ್ದಲು ಬರುವುದೂ ಅಲ್ಲಿಂದಲೇ. ಮೇಸ್ತ್ರಿಗಳು ಏಣಿಯಿಟ್ಟು ಹತ್ತಿ, ಒಂದೊಂದು ಜಂತೆಯನ್ನೂ ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಬಂದರು. ನಡುವೆ ಕಂಚಿನಂತೆ ಗಟ್ಟಿ ನಾದ. ಹಿಂದಣ ಗೋಡೆಯ ಬಳಿ ಬಂದಾಗ ನಾದವು ಬದಲಾಯಿತು. ದಬ್ಬಳವನ್ನು ತೆಗೆದು ಹೊಸ ಬಣ್ಣದ ಮೇಲೆಯೇ ಒತ್ತಿದರು. ಹಲಸಿನ ಹಣ್ಣಿನೊಳಗೆ ಹೋದಂತೆ ಹಿಡಿಯವರೆಗೂ ಹೋಯಿತು. ಒಂದಲ್ಲ, ಸಾಲಾಗಿ ಐದು ಜಂತೆಗಳು.

“ಅಮ್ಮ, ಮೇಲೆ ಏನಿದೆ ನೋಡಿ ಬಾ” ಎಂದು ಮೇಸ್ತ್ರಿಗಳು ಏಣಿಯ ಮೇಲಿಂದಲೇ ಇಂಜಿನಿಯರಿಗೆ ಹೇಳಿದರು. ಅವಳು ತಾರಸಿಗೆ ಹೋಗಿ ಬಂದು ಹೇಳಿದುದನ್ನು ಕೇಳಿ ದಳ್ಳಾಳಿಯೂ ಸುಮ್ಮನಾದನು. ಸೋರಿಕೆಯನ್ನು ತಡೆಯಲೆಂದು ಒಂದರ ಮೇಲೊಂದು ಮೂರು ಪದರ ಸಿಮೆಂಟು. ಅದರ ಮೇಲೆ, ಸರಿಯಾಗಿ ಆ ಐದು ಜಂತೆಗಳ ನೆತ್ತಿಯ ಮೇಲೆ, ಸಾವಿರ ಲೀಟರಿನ ಕಪ್ಪು ನೀರಿನ ತೊಟ್ಟಿ. ಸಾವಿರ ಲೀಟರು ನೀರೆಂದರೆ ಸಾವಿರ ಕಿಲೋ ತೂಕ. ಆ ತಾರಸಿಯನ್ನು ಕಟ್ಟಿದವರು ಅದರ ಮೇಲೆ ಹಪ್ಪಳ ಸಂಡಿಗೆ ಒಣಗಿಸುವರೆಂದು ಎಣಿಸಿದ್ದರೇ ಹೊರತು, ಒಂದು ಟನ್ನು ನೀರನ್ನು ಹಗಲಿರುಳು ನಿಲ್ಲಿಸುವರೆಂದು ಎಣಿಸಿರಲಿಲ್ಲ. ಮೇಷ್ಟರು ಆ ಕೋಣೆಯ ನಡುವೆ ನಿಂತು ಮೇಲೆ ನೋಡಿದರು. ಅನಂತರ ಯಾರೂ ಹೇಳದೆಯೇ ಹೊರಗೆ ಬಂದು ತೊಟ್ಟಿಯ ಕಟ್ಟೆಯ ಮೇಲೆ ಕುಳಿತರು.

ಹಳೆಯ ಕಟ್ಟಡಗಳು ಮುನ್ಸೂಚನೆ ಕೊಟ್ಟರೂ ನೋಡುವವರಿಲ್ಲದಿದ್ದರೆ ಏನಾಗುವುದೆಂದು ಮೈಸೂರಿಗೆ ಬೇರೆ ಹೇಳಬೇಕಾಗಿಲ್ಲ. 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲ ಭಾಗವು ಬಿದ್ದಿತು. ಎರಡೂ ಆದುದು ಮಳೆಗಾಲದ ತಿಂಗಳಲ್ಲಿಯೇ ಎಂಬುದನ್ನು ಗಮನಿಸಬೇಕು.

ಉಳಿದ ಪರೀಕ್ಷೆಗಳು ಬೇಗನೆ ಮುಗಿದವು. ಬಾವಿಯಿಂದ ಹತ್ತು ಬಿಂದಿಗೆ ನೀರು ಸೇದಿ ಒಟ್ಟಿಗೆ ತೊಟ್ಟಿಗೆ ಸುರಿದು ನೋಡಿದೆವು. ಮೋರಿಯು ಗಳಗಳನೆ ನುಂಗಿತು. ವಿದ್ಯುತ್ತಿನ ತಂತಿಗಳು ಮಾತ್ರ ಮರದ ಪಟ್ಟಿಯೊಳಗಿನ ಅಜ್ಜನ ಕಾಲದವು. ನೆಲಕ್ಕೆ ಸೇರುವ ತಂತಿಯೇ ಇಲ್ಲ. ಪೂರ್ತಿ ಹೊಸದಾಗಿ ಹಾಕಿಸತಕ್ಕದ್ದೆಂದು ಇಂಜಿನಿಯರು ಬರೆದುಕೊಂಡಳು.

ಎರಡು ದಿನಗಳಲ್ಲಿ ಅವಳು ಆರು ಪುಟಗಳ ವರದಿಯನ್ನು ಚಿತ್ರಗಳೊಡನೆ ಕಳುಹಿಸಿದಳು. ಅದನ್ನು ಪುಣೆಯಲ್ಲಿದ್ದ ಮನೆಯ ಯಜಮಾನರಿಗೆ ಕಳುಹಿಸಲಾಯಿತು. ಅವರು ಮೋಸಗಾರರೇನೂ ಅಲ್ಲ. ಹನ್ನೆರಡು ವರ್ಷಗಳಿಂದ ಬಾಡಿಗೆಗೆ ಬಿಟ್ಟಿದ್ದರು. ತೊಟ್ಟಿಯನ್ನು ಅಲ್ಲಿರಿಸಿದವರು ಬಾಡಿಗೆಯವರು. ಬಣ್ಣ ಹೊಡೆಸಿದವನು ದಳ್ಳಾಳಿ. ತಾವು ಹುಟ್ಟಿ ಬೆಳೆದ ಮನೆಯ ಜಂತೆಗಳು ಕೊಳೆತಿರುವುದನ್ನು ಅವರು ಚಿತ್ರದಲ್ಲಿಯೇ ಮೊದಲು ಕಂಡುದು. ಇಲ್ಲಿ ನಮ್ಮ ಗೃಹಸ್ಥರು ಕಾನೂನಿನ ಒಂದು ಮಾತನ್ನು ಚೆನ್ನಾಗಿ ಮನನ ಮಾಡಬೇಕು. 1882ರ ಆಸ್ತಿ ವರ್ಗಾವಣೆಯ ಕಾಯಿದೆಯ 55ನೆಯ ಪ್ರಕರಣದಂತೆ, ಮಾರುವವನು ತನಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿಲ್ಲದ, ಮತ್ತು ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ತಿಳಿಸತಕ್ಕದ್ದು. ಮಾರುವವನಿಗೇ ಗೊತ್ತಿಲ್ಲದಿದ್ದರೆ ಏನು ತಿಳಿಸಿಯಾನು? ಎಚ್ಚರಿಕೆಯಿಂದ ನೋಡಿದ್ದರೆ ಕಾಣುತ್ತಿದ್ದ ದೋಷವನ್ನು ನೋಡದೆ ಬಿಟ್ಟವನು ಆಮೇಲೆ ಯಾರನ್ನು ದೂರಿಯಾನು? ಬ್ಯಾಂಕಿನವರು ಸಾಲ ಕೊಡುವ ಮುನ್ನ ಇಂಜಿನಿಯರನ್ನು ಕಳುಹಿಸುವರಲ್ಲವೆ ಎಂದು ಕೆಲವರು ಕೇಳುವುದುಂಟು. ಆತನು ಬರುವುದು ತಮ್ಮ ಸಾಲಕ್ಕೆ ಆಧಾರವಾಗುವಷ್ಟು ಬೆಲೆ ಆ ಆಸ್ತಿಗೆ ಬರುವುದೇ ಎಂದು ಅಳೆಯಲು. ದಬ್ಬಳ ಹಿಡಿದು ಏಣಿ ಹತ್ತುವುದು ಅವನ ಕೆಲಸವಲ್ಲ.

ಹೊಸ ಮನೆಗಳಿಗೆ, ಮಹಡಿಯ ಮೇಲೆ ಮಹಡಿಯ ವಸತಿಗಳಿಗೆ ಇದೊಂದೂ ಬೇಡವೆಂದು ತಿಳಿಯಬಾರದು. 2016ರ ಸ್ಥಿರಾಸ್ತಿ ಕಾಯಿದೆಯಂತೆ ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡು ತಿಳಿಸಿದರೆ, ಕಟ್ಟಿಸಿದವರು ಮೂವತ್ತು ದಿನಗಳಲ್ಲಿ ತಮ್ಮ ವೆಚ್ಚದಲ್ಲಿಯೇ ಸರಿಪಡಿಸಬೇಕು. ದೋಷವನ್ನು ಕಂಡುಹಿಡಿದು ಬರೆದಿಡುವವರು ಬೇಕಷ್ಟೆ. ಒಬ್ಬರಿಂದೊಬ್ಬರಿಗೆ ಕೈಬದಲಾಗುವ ಹಳೆಯ ಮನೆಗೆ ಈ ಆಸರೆಯೂ ಇಲ್ಲ. ಇನ್ನು ಕರಾವಳಿ, ಮಲೆನಾಡುಗಳ ಹೆಂಚಿನ ಮನೆಗಳ ಪಾಠವೇ ಬೇರೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹೂಡಿದಂದಿನಿಂದ ಹೆಂಚು ಮನೆಮನೆಗೂ ಬಂದಿತು. ಅಲ್ಲಿ ಹೆಂಚಿಗಿಂತ ಅದನ್ನು ಹೊತ್ತ ಪಕಾಸು ರೀಪುಗಳನ್ನು ನೋಡಬೇಕು, ಅಟ್ಟದ ಕತ್ತಲೆಯಲ್ಲಿ ನಿಂತು ಆಕಾಶ ಎಲ್ಲೆಲ್ಲಿ ಇಣುಕುವುದೆಂದು ಎಣಿಸಬೇಕು. ಧಾರವಾಡ ಗದಗಗಳ ಎರೆಭೂಮಿಯು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಸೀಳುವುದು. ಆ ಸೀಮೆಯಲ್ಲಿ ಅಸ್ತಿವಾರವು ಎಷ್ಟು ಆಳಕ್ಕೆ ಹೋಗಿದೆಯೆಂಬುದೇ ಮೊದಲ ಪ್ರಶ್ನೆ.

ಪುಣೆಯವರೊಡನೆ ಮಾತುಕತೆಯು ಶ್ರಾವಣದವರೆಗೂ ನಡೆಯಿತು. ಮೇಷ್ಟರು ಆ ಮನೆಯನ್ನು ಬಿಡಲಿಲ್ಲ. ಜಂತೆ, ಗಾರೆ, ತಂತಿಗಳ ವೆಚ್ಚವನ್ನು ವರದಿಯಂತೆ ಲೆಕ್ಕಹಾಕಿ ಅಷ್ಟನ್ನೂ ಬೆಲೆಯಲ್ಲಿ ಕಳೆಯಲು ಯಜಮಾನರು ಒಪ್ಪಿದರು. ಕರಾರುಪತ್ರದಲ್ಲಿ ಅದನ್ನು ಬರೆಸಿದ ಮೇಲೆಯೇ ಮುಂಗಡವು ಕೈಬದಲಾಯಿತು. ನೀರಿನ ತೊಟ್ಟಿಯನ್ನಂತೂ ವರದಿ ತಲಪಿದ ದಿನವೇ ಬರಿದುಮಾಡಿಸಿದ್ದರು. ಈಗ ಅದು ಹಿತ್ತಲಿನಲ್ಲಿ ತನ್ನದೇ ಕಲ್ಲುಕಂಬಗಳ ಮೇಲೆ ನಿಂತಿದೆ. ಐದೆಂದು ಎಣಿಸಿದ್ದ ಜಂತೆಗಳು ಬಿಚ್ಚಿ ನೋಡಿದಾಗ ಏಳಾದವು. ಅವುಗಳನ್ನು ಇಳಿಸಿ ಹೊಸವನ್ನು ಏರಿಸುವ ತನಕ ತಾಯಿಯವರು ಮುಂದಣ ಹಜಾರದಲ್ಲಿಯೇ ಮಲಗುತ್ತಿದ್ದರು. ಕೊಳೆತ ತುದಿಗಳನ್ನು ಕೊಯ್ದುಹಾಕಿದ ಮೇಲೆ ಉಳಿದ ತೇಗವು ಇನ್ನೂ ಗಟ್ಟಿಯಾಗಿದ್ದುದನ್ನು ಕಂಡು ಮೇಸ್ತ್ರಿಗಳು ಅದನ್ನು ಬಡಗಿಯ ಬಳಿಗೆ ಸಾಗಿಸಿದರು. ದೀಪಾವಳಿಗೆ ನಾವು ಅಲ್ಲಿಗೆ ಊಟಕ್ಕೆ ಹೋದಾಗ ಕುಳಿತುದು ಅದೇ ಮರದ ಮಣೆಗಳ ಮೇಲೆ.